ಸುಂಟಿಕೊಪ್ಪದವನಿಗೆ ಬೆಂಗಳೂರಿನ ಟೀಮ್ ಊರ ಟೀಮ್ ಹೇಗಾಗುತ್ತದೆ?

ಹಾರಂಗಿ ಬಲದಂಡೆ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಬೈಯುವವರು ಪೂರ್ತಿ ಓದಿ ಆಮೇಲೆ ಬೈಯಿರಿ.

ನಾನು ಸುಂಟಿಕೊಪ್ಪದವನು. ಕುಶಾಲನಗರದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಬೆಂಗಳೂರು ಎಫ್‌ಸಿ ಅನ್ನುವ ಫುಟ್ಬಾಲ್ ಕ್ಲಬ್‌ನ ಹುಚ್ಚು ಹಿಡಿದು ಹತ್ತು ವರ್ಷ ದಾಟಿತು. 2013ರಲ್ಲಿ ಹುಟ್ಟಿದ ಟೀಮ್, ಆಡಿದ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಆಗ ಶುರುವಾದದ್ದು. ವರ್ಷಕ್ಕೆ ನಾಲ್ಕೈದು ಸಲವಾದರೂ ಕಂಠೀರವಕ್ಕೆ ಹೋಗುತ್ತಿದ್ದೆ. ಹನ್ನೊಂದಕ್ಕೆ ಶಟರ್ ಎಳೆದು ಬಸ್ ಹತ್ತುವುದು, ಸಂಜೆ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿಯುವುದು, ಮ್ಯಾಚ್ ಮುಗಿಸಿ ರಾತ್ರಿ ಬಸ್ಸಿಗೆ ಓಡುವುದು. ನಸುಕಿನಲ್ಲಿ ಕುಶಾಲನಗರ ಬಂದಾಗ ಕಂಡಕ್ಟರ್ ಎಬ್ಬಿಸಬೇಕಿತ್ತು. ಎರಡು ಸಲ ಎಬ್ಬಿಸಲಿಲ್ಲ, ಮಡಿಕೇರಿಗೆ ಹೋಗಿ ಚಳಿಯಲ್ಲಿ ನಡುಗುತ್ತಾ ವಾಪಸ್ ಬಸ್ ಕಾದಿದ್ದೇನೆ.

ಒಂದು ರಾತ್ರಿ ಮಾತ್ರ ಹೇಳುತ್ತೇನೆ. 2016ರ ಅಕ್ಟೋಬರ್ 19, ಬುಧವಾರ. ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಸೆಮಿಫೈನಲ್ ಎರಡನೇ ಪಂದ್ಯ. ಎದುರಿಗೆ ಮಲೇಷ್ಯಾದ ಜೊಹೊರ್, ಹಿಂದಿನ ವರ್ಷದ ಚಾಂಪಿಯನ್. ಹತ್ತು ನಿಮಿಷ ಆಗುತ್ತಿದ್ದಂತೆ ಅವರೇ ಮೊದಲು ಹೊಡೆದರು. ಕೈಕಾಲು ತಣ್ಣಗಾಯಿತು. ಆಮೇಲೆ ನಮ್ಮ ನಾಯಕ ಸುನಿಲ್ ಛೆಟ್ರಿ ಒಂದು, ಛೆಟ್ರಿ ಇನ್ನೊಂದು, ಹುವಾನನ್ ಮೂರನೆಯದು. 3-1. ಭಾರತದ ಒಂದು ಕ್ಲಬ್ ಮೊದಲ ಸಲ ಆ ಕಪ್‌ನ ಫೈನಲ್‌ಗೆ ಹೋಯಿತು. ಮೂರನೇ ಗೋಲಿಗೆ ನನ್ನ ಪಕ್ಕದ ಸೀಟಿನವರು, ಶಿವಾಜಿನಗರದಲ್ಲಿ ಹಣ್ಣಿನ ವ್ಯಾಪಾರ ಮಾಡುವ ಒಬ್ಬ ಹಿರಿಯರು, ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು ಹಣೆಗೆ ಮುತ್ತು ಕೊಟ್ಟರು. ಅವರ ಕೈ ಕಿತ್ತಳೆ ವಾಸನೆ ಹೊಡೆಯುತ್ತಿತ್ತು. ಕೊಡಗಿನವನಿಗೆ ಅದು ಗೊತ್ತಾಗದೇ ಇರುತ್ತದಾ? ನಾಗಪುರದ್ದು, ನಮ್ಮದಲ್ಲ.

ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್‌ಗೆ 1-0ಯಿಂದ ಸೋತೆವು. ಆ ವಿಷಯ ಬಿಡಿ.

ಈಗ ವಿಷಯಕ್ಕೆ ಬರುತ್ತೇನೆ. 2025ರ ಜುಲೈಯಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್ ಯಾವಾಗ ಅಂತ ಹೇಳದೆ ಮುಂದಕ್ಕೆ ಹಾಕಿದರು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಆಟಗಾರರ ಸಂಬಳ ತಡೆಹಿಡಿಯಿತು. ಅವತ್ತು ಅಂಗಡಿಯಲ್ಲಿ ಕೈ ಓಡಲಿಲ್ಲ. ಪಂಪ್‌ಸೆಟ್ ತಂದಿದ್ದ ತೋಟದವರೊಬ್ಬರು ಕೇಳಿದರು, "ಅದು ಯಾವುದೋ ಕಂಪನಿಯ ಟೀಮ್ ಅಲ್ವಾ? ನಿನಗೇನು ನಷ್ಟ?" ಉತ್ತರ ಹೊಳೆಯಲಿಲ್ಲ. ರಾತ್ರಿ ಮಗನಿಗೆ ಹೇಳಿದೆ. ಅವನಿಗೆ ಹತ್ತು ವರ್ಷ. ಅವನ ಪ್ರಶ್ನೆ ಬೇರೆ. "ನಮ್ಮ ಟೀಮ್ ಅಂತೀಯಲ್ಲ, ಮತ್ತೆ ಒಂದು ಸಲವೂ ಯಾಕೆ ನಮ್ಮೂರಿಗೆ ಬಂದಿಲ್ಲ?"

ನೀವೇ ಹೇಳಿ. ಆರು ಗಂಟೆ ಬಸ್ಸಿನಲ್ಲಿ ಹೋಗಿ ನೋಡಬೇಕಾದ ಟೀಮ್ ನನ್ನ ಊರ ಟೀಮಾ?

ರಾಜಾಸೀಟ್ ಮಂಜು · ಶನಿವಾರ, ರಾತ್ರಿ 10:15

ಅಣ್ಣ, ಬೇಜಾರು ಮಾಡ್ಕೋಬೇಡಿ. ಅಲ್ಲ. ಊರ ಟೀಮ್ ಅಲ್ಲ.

ಮಾಲೀಕರಿಗೆ ಸಾಕಾದ ದಿನ ಡೇರೆ ಕಿತ್ತುಕೊಂಡು ಹೋಗುತ್ತಾರೆ. ಜೆಸಿಟಿ, ಮಹೀಂದ್ರ ಯುನೈಟೆಡ್ ಎಲ್ಲಿವೆ? 2010-11ರ ಹೊತ್ತಿಗೆ ಎರಡೂ ಬಾಗಿಲು ಹಾಕಿದವು. ಪುಣೆಯ ಟೀಮ್ 2019ರಲ್ಲಿ ಮುಳುಗಿತು, ಅದರ ಜಾಗಕ್ಕೆ ಹೈದರಾಬಾದ್ ಬಂತು. ಹೈದರಾಬಾದ್ 2022ರಲ್ಲಿ ಚಾಂಪಿಯನ್ ಕೂಡ ಆಯಿತು. 2025ರಲ್ಲಿ ಅದನ್ನೇ ಎತ್ತಿಕೊಂಡು ದೆಹಲಿಗೆ ಹೋದರು, ಹೆಸರೂ ಬೇರೆ. ಕಪ್ ಗೆದ್ದ ದಿನ ಬೀದಿಯಲ್ಲಿ ಕುಣಿದ ಹೈದರಾಬಾದ್ ಹುಡುಗ ಈಗ ಯಾರಿಗೆ ಚಪ್ಪಾಳೆ ಹೊಡೆಯಬೇಕು?

ಊರು ಅಂದರೆ ನಡೆದಾಡುವ ವಸ್ತು ಅಲ್ಲವಲ್ಲ. ಟೀಮ್ ನಡೆದಾಡುತ್ತದೆ ಅಂದಮೇಲೆ ಅದು ಊರಿನದಲ್ಲ.

ನಾಲ್ಕುನಾಡು ಅಜ್ಜ · ಭಾನುವಾರ, ಬೆಳಿಗ್ಗೆ 5:50

ನಾನು ಹಾಕಿಯವನು. ಕಾಲಿನಲ್ಲಿ ಆಡುವ ಆಟದ ಬಗ್ಗೆ ಹೆಚ್ಚು ಮಾತಾಡುವ ಯೋಗ್ಯತೆ ನನಗಿಲ್ಲ. ಆದರೆ ಊರ ಟೀಮ್ ಅಂದರೆ ಏನು ಅಂತ ಗೊತ್ತು.

1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ ಬಂದದ್ದು 60 ಒಕ್ಕಗಳು, ಅಂದರೆ ಮನೆತನಗಳು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕಪ್ ಆದಾಗ 396. ಸಂಬಳ ಇಲ್ಲ, ಹರಾಜಿಲ್ಲ, ವರ್ಗಾವಣೆ ಇಲ್ಲ. ಅಂಗಿಯ ಬೆನ್ನ ಮೇಲೆ ಇರುವುದು ಮನೆಯ ಹೆಸರು. ಒಂದೇ ಟೀಮಿನಲ್ಲಿ ಅಪ್ಪ ಗೋಲಿಗೆ ನಿಂತಿರುತ್ತಾನೆ, ಮಗಳು ಮುಂದೆ ಓಡುತ್ತಿರುತ್ತಾಳೆ. ನಮ್ಮ ಒಕ್ಕದ ಪರವಾಗಿ ನಾನು ಆಡಿದಾಗ ನನಗೆ 51. ಎರಡು ಸಲ ಬಿದ್ದೆ. ಬಿದ್ದಾಗ ಹೆಂಡತಿ ಬೈದದ್ದು ಮೈದಾನಕ್ಕೆಲ್ಲ ಕೇಳಿಸಿತು. ಆದರೂ ಯಾರೂ ನನ್ನನ್ನು ಹೊರಗೆ ಕರೆಯಲಿಲ್ಲ. ಯಾಕೆಂದರೆ ಬದಲಿಗೆ ಇದ್ದವನು ನನ್ನ ಅಣ್ಣ, ಅವನಿಗೆ 56.

ದುಡ್ಡು ಕೊಟ್ಟು ತಂದ ಹನ್ನೊಂದು ಜನರನ್ನು ನಮ್ಮವರು ಅನ್ನುವುದು ನನಗೆ ಹಿಡಿಸುವುದಿಲ್ಲ. ತಪ್ಪಿದ್ದರೆ ಹೇಳಿ.

ಬಾಣಸವಾಡಿ ಪಾಲಿಬೆಟ್ಟ · ಭಾನುವಾರ, ಬೆಳಿಗ್ಗೆ 9:05

ಅಜ್ಜ, 56 ವಯಸ್ಸಿನ ಬದಲಿ ಆಟಗಾರ! ನಗು ತಡೆಯಲಾಗಲಿಲ್ಲ.

ಆದರೆ ಬಲದಂಡೆ ಅಣ್ಣನ ಪರ ನಾನಿದ್ದೇನೆ. ಊರು ಪಾಲಿಬೆಟ್ಟ, ಕೆಲಸ ಬೆಂಗಳೂರು, ಎಂಟು ವರ್ಷ ಆಯಿತು. ಮೊದಲ ವರ್ಷ ಪಿಜಿಯಲ್ಲಿ ಗೋಡೆ ನೋಡಿಕೊಂಡು ಊಟ ಮಾಡಿದವಳು ನಾನು. ಆಫೀಸಿನಲ್ಲಿ ಯಾವ ಊರು ಅಂತ ಕೇಳುತ್ತಾರೆ, ಕೊಡಗು ಅಂದ ತಕ್ಷಣ "ಓ, ನಿಮ್ಮದು ಹೋಮ್‌ಸ್ಟೇ ಇದೆಯಾ?" ಇಲ್ಲಪ್ಪ, ನಮ್ಮದು ಎರಡು ಎಕರೆ ಮೆಣಸು, ಒಂದು ಮುದಿ ನಾಯಿ. ನಂಬುವುದಿಲ್ಲ.

ಸಹೋದ್ಯೋಗಿ ಒಬ್ಬಳು ಕಂಠೀರವಕ್ಕೆ ಎಳೆದುಕೊಂಡು ಹೋದಳು. ವೆಸ್ಟ್ ಬ್ಲಾಕ್. ಅಲ್ಲಿ ಕುರ್ಚಿ ಇರುವುದು ಬ್ಯಾಗ್ ಇಡುವುದಕ್ಕೆ. ತೊಂಬತ್ತು ನಿಮಿಷವೂ ನಿಂತೇ ಇರಬೇಕು, ಡೋಲು ನಿಲ್ಲುವುದಿಲ್ಲ. ಮುಂದೆ ಒಬ್ಬ ಹುಡುಗ ಮೈದಾನಕ್ಕೆ ಬೆನ್ನು ಹಾಕಿ ನಿಂತು ಜನರನ್ನು ಕೂಗಿಸುತ್ತಿರುತ್ತಾನೆ. ಪಾಪ, ಅರ್ಧ ಮ್ಯಾಚ್ ಅವನು ನೋಡುವುದೇ ಇಲ್ಲ. ಗೋಲ್ ಆಯಿತಾ ಅಂತ ನಮ್ಮ ಮುಖ ನೋಡಿ ತಿಳಿದುಕೊಳ್ಳುತ್ತಾನೆ. ಅವನಿಗೆ ಯಾರು ಸಂಬಳ ಕೊಡುತ್ತಾರೆ? ಟಿಕೆಟ್ ದುಡ್ಡು ಅವನೇ ಕೊಟ್ಟಿರುತ್ತಾನೆ.

ಅಲ್ಲಿ ಯಾರೂ ನನ್ನನ್ನು ಎಲ್ಲಿಯವಳು ಅಂತ ಕೇಳಲಿಲ್ಲ. ಮೂರನೇ ಮ್ಯಾಚಿಗೆ ಹೋಗದೇ ಇದ್ದಾಗ ಮಾತ್ರ, ನಾಲ್ಕನೇ ಸಲ ಹಿಂದಿನ ಸಾಲಿನ ಆಂಟಿ, "ಯಾಕಮ್ಮ, ಹುಷಾರಿರಲಿಲ್ವಾ?" ಅಂದರು. ಬೆಂಗಳೂರಿನಲ್ಲಿ ನಾನು ಬರದೇ ಇದ್ದದ್ದನ್ನು ಗಮನಿಸಿದ ಮೊದಲ ಮನುಷ್ಯರು ಅವರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಮಂಜು ಅವರೇ, ಮಾಲೀಕ ಡೇರೆ ಕಿತ್ತುಕೊಂಡು ಹೋಗಬಹುದು. ಆ ಆಂಟಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತಾನೆ?

ಮಾಕುಟ್ಟ ತಿರುವು · ಭಾನುವಾರ, ಬೆಳಿಗ್ಗೆ 9:30

ನಾನು ವಿರಾಜಪೇಟೆ. ಕೇರಳ ಬ್ಲಾಸ್ಟರ್ಸ್ ಅಭಿಮಾನಿ. ಕಲ್ಲು ಹೊಡೆಯಬೇಡಿ.

ನಮಗೆ ಬೆಂಗಳೂರಿಗಿಂತ ಕಣ್ಣೂರು ಹತ್ತಿರ. ಘಾಟಿ ಇಳಿದರೆ ಸಮುದ್ರ. ತಾಯಿಮನೆ ಇರಿಟ್ಟಿ. ನನ್ನ ತಮ್ಮ ಬೆಂಗಳೂರು ಟೀಮ್. ಒಂದೇ ಮನೆ, ಒಂದೇ ಟಿವಿ. 2023ರ ಮಾರ್ಚ್ 3ರಂದು ಬೆಂಗಳೂರು-ಬ್ಲಾಸ್ಟರ್ಸ್ ಮ್ಯಾಚ್‌ನಲ್ಲಿ ಏನಾಯಿತು ಅಂತ ಇಲ್ಲಿ ಎಲ್ಲರಿಗೂ ಗೊತ್ತು. ಫ್ರೀಕಿಕ್ ತಡೆಯಲು ನಮ್ಮವರು ಸಾಲಾಗಿ ನಿಂತು ಗೋಡೆ ಕಟ್ಟುತ್ತಿದ್ದಾಗ ಛೆಟ್ರಿ ಸುಮ್ನೆ ಚೆಂಡು ಎತ್ತಿ ಹಾಕಿದರು. ಅದನ್ನೂ ಗೋಲ್ ಅಂದರು. ನಮ್ಮ ಕೋಚ್ ಟೀಮನ್ನೇ ಹೊರಗೆ ಕರೆದರು. ಸರಿಯಾಗಿಯೇ ಮಾಡಿದರು. ಆ ರಾತ್ರಿ ತಮ್ಮನೂ ನಾನೂ ಮಾತಾಡಲಿಲ್ಲ. ಅಮ್ಮ ಇಬ್ಬರ ತಟ್ಟೆಯನ್ನೂ ಬೇರೆ ಬೇರೆ ಕೋಣೆಗೆ ತಂದುಕೊಟ್ಟರು.

ಬಾಣಸವಾಡಿ ಪಾಲಿಬೆಟ್ಟ · ಭಾನುವಾರ, ಬೆಳಿಗ್ಗೆ 9:34

ಸರಿಯಾಗಿ ಮಾಡಿದರಾ? 96ನೇ ನಿಮಿಷ, ಹೆಚ್ಚುವರಿ ಸಮಯದ ಮೊದಲ ಭಾಗವೂ ಮುಗಿದಿರಲಿಲ್ಲ, ಆಟ ಬಿಟ್ಟು ಹೋದರು! ನಾನು ಅಲ್ಲೇ ಇದ್ದೆ. ರೆಫರಿ ಒಪ್ಪಿದ ಮೇಲೆ ಮುಗಿಯಿತು. ನಾಲ್ಕು ಕೋಟಿ ದಂಡ ಸುಮ್ನೆ ಹಾಕಿದರಾ?

ಮಾಕುಟ್ಟ ತಿರುವು · ಭಾನುವಾರ, ಬೆಳಿಗ್ಗೆ 9:36

ಶಿಳ್ಳೆ ಊದಿರಲಿಲ್ಲ ಅಕ್ಕ.

ಬಾಣಸವಾಡಿ ಪಾಲಿಬೆಟ್ಟ · ಭಾನುವಾರ, ಬೆಳಿಗ್ಗೆ 9:37

ಊದಬೇಕಾಗಿರಲಿಲ್ಲ ತಮ್ಮ!

ಹಾರಂಗಿ ಬಲದಂಡೆ · ಭಾನುವಾರ, ಬೆಳಿಗ್ಗೆ 10:20

ಅಯ್ಯೋ, ಆ ಫ್ರೀಕಿಕ್ ಇಲ್ಲಿಗೂ ಬಂತಾ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬಂದು ಬೈಯುತ್ತೇನೆ. ಇಲ್ಲಿ ಬೇಡ.

ಆದರೆ ಮಾಕುಟ್ಟ, ನಿಮ್ಮ ಅಮ್ಮನ ಎರಡು ತಟ್ಟೆ ಮನಸ್ಸಿನಲ್ಲಿ ಉಳಿಯಿತು. ಕಂಪನಿಯ ಟೀಮ್‌ಗಾಗಿ ಯಾರೂ ತಮ್ಮನ ಜೊತೆ ಮಾತು ಬಿಡುವುದಿಲ್ಲ ಅಲ್ವಾ?

ಹಳೇ ರೇಡಿಯೋ · ಭಾನುವಾರ, ಮಧ್ಯಾಹ್ನ 2:10

ನಿವೃತ್ತ ಮೇಷ್ಟ್ರು. ಮಳೆಗಾಲದ ರಾತ್ರಿ ರೇಡಿಯೋದಲ್ಲಿ ಇಂಗ್ಲೆಂಡಿನ ಸ್ಕೋರ್ ಕೇಳಿ ಬೆಳೆದವನು. ಮಂಜು ಹೇಳಿದ ಡೇರೆ ಕೀಳುವ ಮಾತಿಗೆ ಒಂದು ಕಥೆ ಇದೆ, ಸ್ವಲ್ಪ ಉದ್ದ.

ಲಂಡನ್‌ನಲ್ಲೇ ವಿಂಬಲ್ಡನ್ ಅಂತ ಒಂದು ಭಾಗ. ಟೆನಿಸ್‌ದೇ. ಅಲ್ಲಿ ಒಂದು ಫುಟ್ಬಾಲ್ ಕ್ಲಬ್ ಇತ್ತು. ಮೈದಾನ ಹೋಗಿತ್ತು, ಸಾಲ ಇತ್ತು. ಮಾಲೀಕರು ಮಿಲ್ಟನ್ ಕೀನ್ಸ್ ಅನ್ನುವ ಹೊಸ ಪಟ್ಟಣಕ್ಕೆ ಟೀಮನ್ನು ಎತ್ತಿಕೊಂಡು ಹೋಗಲು ಹೊರಟರು. ಸುಮಾರು 90 ಕಿಲೋಮೀಟರ್. ಇಲ್ಲಿಂದ ಹೇಳುವುದಾದರೆ ವಿರಾಜಪೇಟೆಯ ಟೀಮನ್ನು ಕಣ್ಣೂರಿನ ಆಚೆ ಇಟ್ಟ ಹಾಗೆ. 2002ರಲ್ಲಿ ಅದಕ್ಕೆ ಒಪ್ಪಿಗೆಯೂ ಸಿಕ್ಕಿತು.

ಅಭಿಮಾನಿಗಳು ಏನು ಮಾಡಿದರು? ಒಂದು ಪಬ್‌ನಲ್ಲಿ ಕೂತು, ನಾವೇ ಟೀಮ್ ಮಾಡುತ್ತೇವೆ ಅಂದರು. ಊರಿನ ಬಯಲಿನಲ್ಲಿ ಆಯ್ಕೆ ಇಟ್ಟರು, ಬೂಟು ಇದ್ದವರು ಯಾರು ಬೇಕಾದರೂ ಬರಬಹುದು. ಇನ್ನೂರಕ್ಕೂ ಹೆಚ್ಚು ಜನ ಬಂದರು. ಒಂಬತ್ತನೇ ದರ್ಜೆಯಿಂದ ಶುರು. ಅಂದರೆ ನಮ್ಮಲ್ಲಿ ತಾಲ್ಲೂಕು ಮಟ್ಟ ಅಂತ ಇಟ್ಟುಕೊಳ್ಳಿ. 2011ರಲ್ಲಿ ಮತ್ತೆ ವೃತ್ತಿಪರ ಲೀಗ್ ಸೇರಿದರು. 2020ರಲ್ಲಿ ಹಳೆಯ ಮೈದಾನ ಇದ್ದ ಅದೇ ಪ್ಲೋ ಲೇನ್ ರಸ್ತೆಯಲ್ಲಿ ಹೊಸ ಮೈದಾನ ಕಟ್ಟಿಕೊಂಡು ಬಂದರು. ಕ್ಲಬ್ ಇವತ್ತಿಗೂ ಅಭಿಮಾನಿಗಳದ್ದೇ.

ನಮ್ಮ ದೇಶದ್ದೇ ಬೇಕಾದರೆ ಕೋಲ್ಕತ್ತಾದ ಮೋಹನ್ ಬಾಗಾನ್. 1911ರಲ್ಲಿ ಬರಿಗಾಲಿನಲ್ಲಿ ಆಡಿ ಬ್ರಿಟಿಷ್ ರೆಜಿಮೆಂಟನ್ನು ಸೋಲಿಸಿ ಶೀಲ್ಡ್ ಗೆದ್ದವರು. 2020ರಲ್ಲಿ ಎಟಿಕೆ ಅನ್ನುವ ಇನ್ನೊಂದು ಕ್ಲಬ್ ಜೊತೆ ಸೇರಿಸಿ ಹೆಸರಿನ ಮುಂದೆ ಎಟಿಕೆ ಅಂಟಿಸಿದರು. ಜನ ಮೂರು ವರ್ಷ ಬಿಡಲಿಲ್ಲ, ಬ್ಯಾನರ್ ಹಿಡಿದರು, ಮೈದಾನಕ್ಕೆ ಹೋಗುವುದನ್ನೇ ಬಿಟ್ಟವರೂ ಇದ್ದರು. ಕೊನೆಗೆ 2023ರ ಫೈನಲ್‌ನಲ್ಲಿ ನಮ್ಮ ಬೆಂಗಳೂರನ್ನು ಪೆನಾಲ್ಟಿಯಲ್ಲಿ ಸೋಲಿಸಿದ ರಾತ್ರಿಯೇ ಮಾಲೀಕರು ಆ ಮೂರು ಅಕ್ಷರ ತೆಗೆಯುತ್ತೇವೆ ಅಂತ ಹೇಳಿದರು. ಅವತ್ತು ಕೋಲ್ಕತ್ತಾದವರಿಗೆ ಎರಡು ಕಪ್ ಸಿಕ್ಕಿತು.

ಆದರೆ ಅದೇ ಇಂಗ್ಲೆಂಡಿನಲ್ಲಿ ಬರಿ ಅಂತ ಒಂದು ಕ್ಲಬ್, 1885ರದ್ದು. 2019ರಲ್ಲಿ ದುಡ್ಡಿನ ಲೆಕ್ಕ ಸರಿಹೋಗದೆ ಲೀಗ್‌ನಿಂದ ಹೊರಗೆ ಹಾಕಿದರು. ಶನಿವಾರ ಬಂದರೆ ಏನು ಮಾಡಬೇಕು ಅಂತ ಊರಿಗೆ ಊರೇ ತಿಳಿಯದೆ ಕೂತಿತ್ತು. ಹಾಗಾಗಿ ಮಂಜು ಹೆದರಿಕೆ ಸುಳ್ಳಲ್ಲ. ನಾನು ಅದನ್ನು ತಳ್ಳಿಹಾಕುವುದಿಲ್ಲ.

ಲೈನ್‌ಮನೆ ಲೆಫ್ಟ್‌ಬ್ಯಾಕ್ · ಭಾನುವಾರ, ರಾತ್ರಿ 8:45

ಓದಿಕೊಂಡು ಸುಮ್ಮನಿರೋಣ ಅಂದುಕೊಂಡಿದ್ದೆ. ಅಜ್ಜನ ಮಾತಿಗೆ ಬರೆಯಬೇಕು ಅನ್ನಿಸಿತು. ಅಜ್ಜ, ಜಗಳಕ್ಕಲ್ಲ.

ನಾನು ಸಿದ್ದಾಪುರ ಕಡೆಯ ಒಂದು ತೋಟದಲ್ಲಿ, ಕೆಲಸಗಾರರ ಲೈನ್‌ಮನೆಯಲ್ಲಿ ಹುಟ್ಟಿದವನು. ಮನೆಯಲ್ಲಿ ತಮಿಳು, ಗೆಳೆಯರ ಜೊತೆ ಮಲಯಾಳ, ಶಾಲೆಯಲ್ಲಿ ಕನ್ನಡ. ನನಗೆ ಒಕ್ಕ ಇಲ್ಲ, ಒಕ್ಕದ ಮೂಲಮನೆಯಾದ ಐನ್‌ಮನೆ ಇಲ್ಲ. ನಿಮ್ಮ ಹಾಕಿ ಹಬ್ಬ ಗ್ಯಾಲರಿಯಲ್ಲಿ ಕೂತು ನೋಡಿದ್ದೇನೆ, ಚಪ್ಪಾಳೆ ಹೊಡೆದಿದ್ದೇನೆ. ಚೆನ್ನಾಗಿರುತ್ತದೆ. ಆದರೆ ಎಷ್ಟು ಚೆನ್ನಾಗಿ ಆಡಿದರೂ ನಾನು ಅದರಲ್ಲಿ ಆಡಲಾರೆ. ಅದು ನಿಮ್ಮ ಮನೆಯ ಹಬ್ಬ, ಅದು ಹಾಗೇ ಇರಬೇಕು. ನಮಗೆ ಇರುವುದು ಫುಟ್ಬಾಲ್. ಅಲ್ಲಿ ಯಾವ ಮನೆ ಅಂತ ಕೇಳುವುದಿಲ್ಲ. ಎಡಗಾಲೋ ಬಲಗಾಲೋ ಅಂತ ಕೇಳುತ್ತಾರೆ.

ಕಾಫಿ ಕೊಯ್ಲು ಮುಗಿದ ಮೇಲೆ ಸೆವೆನ್ಸ್ ಶುರು. ಅಮ್ಮತ್ತಿ, ನೆಲ್ಯಹುದಿಕೇರಿ, ಸಿದ್ದಾಪುರ, ಪಾಲಿಬೆಟ್ಟ. ಸಣ್ಣ ಮೈದಾನ, ಏಳೇಳು ಜನ, ಅಡಿಕೆ ಮರದ ಗ್ಯಾಲರಿ. ಮೈಕಿನವನು ಅರ್ಧ ಕನ್ನಡ ಅರ್ಧ ಮಲಯಾಳದಲ್ಲಿ ಕೂಗುತ್ತಿರುತ್ತಾನೆ. ಗೋಲ್ ಆಗುವ ಹೊತ್ತಿಗೆ ಸರಿಯಾಗಿ, "ಕೆಎ 12 ನಂಬರಿನ ಬಿಳಿ ಜೀಪು ದಾರಿಗೆ ಅಡ್ಡ ನಿಂತಿದೆ, ತೆಗೆಯಿರಿ." ನಾನು ಗೆಸ್ಟ್ ಪ್ಲೇಯರ್. ಅಂದರೆ ಕರೆದವರಿಗೆ ಆಡುತ್ತೇನೆ, ಮ್ಯಾಚ್‌ಗೆ 1500 ರೂಪಾಯಿ, ಬಸ್ ಚಾರ್ಜ್ ಬೇರೆ. ಒಂದು ಕಡೆ ಸಂಘಟಕರು ಫೈನಲ್ ಮುಗಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು, ಮೂರು ಮ್ಯಾಚ್‌ನ ದುಡ್ಡು ಇವತ್ತಿಗೂ ಬಂದಿಲ್ಲ. ಹಾಗಾಗಿ ಬೆಂಗಳೂರಿನ ಆಟಗಾರರಿಗೆ ಸಂಬಳ ನಿಂತ ಸುದ್ದಿ ಓದಿದಾಗ ಎಲ್ಲರೂ ಕ್ಲಬ್ ಗತಿ ಏನು ಅಂತಿದ್ದರು. ನನಗೆ ಅನ್ನಿಸಿದ್ದು ಅವರ ಮನೆಯ ಕಂತು ಕಟ್ಟುವವರು ಯಾರು ಅಂತ.

ನೀವು ದುಡ್ಡಿಗೆ ಆಡುವವರು ನಮ್ಮವರಲ್ಲ ಅಂದಿರಿ. ಒಂದು ಸಲ ನಾನು ಬೇರೆ ಊರಿನ ಟೀಮಿಗೆ ಆಡಲು ಹೋಗಿ ನಮ್ಮ ಸಿದ್ದಾಪುರದ ಹುಡುಗರ ಎದುರೇ ನಿಲ್ಲಬೇಕಾಯಿತು. ಎಡಗಡೆ ಗೆರೆಯ ಪಕ್ಕದಲ್ಲೇ ಅಮ್ಮನ ಜೊತೆ ತೋಟದಲ್ಲಿ ಕೆಲಸ ಮಾಡುವ ಅಕ್ಕಂದಿರು ಕೂತಿದ್ದರು. ನಾನು ಅಲ್ಲೇ ಓಡಬೇಕು. ಚೆಂಡು ಮುಟ್ಟಿದಾಗಲೆಲ್ಲ ಬೈಗುಳ. ಒಬ್ಬರಂತೂ, "ನಿನ್ನನ್ನು ಎತ್ತಿ ಆಡಿಸಿದ ಕೈ ಇದು" ಅಂತ ಕೈ ತೋರಿಸಿ ತೋರಿಸಿ ಬೈದರು. ನಾವು 2-1 ಗೆದ್ದೆವು. ಮುಗಿದ ಮೇಲೆ ತಲೆ ತಗ್ಗಿಸಿ ಬೂಟು ಬಿಚ್ಚುತ್ತಿದ್ದೆ. ಅದೇ ಅಕ್ಕ ಬಂದು ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಮುಂದೆ ಹಿಡಿದು, "ಎರಡನೇ ಹಾಫ್‌ನಲ್ಲಿ ಯಾಕೆ ಅಷ್ಟು ಹಿಂದೆ ನಿಂತಿದ್ದೆ?" ಅಂತ ಕೇಳಿದರು.

ನಾನು ಯಾರ ಅಂಗಿ ಹಾಕಿದ್ದರೂ ಅವರಿಗೆ ನಾನು ಅವರ ಹುಡುಗನೇ. ಅದಕ್ಕೇ ಅಷ್ಟು ಬೈದದ್ದು.

ನಾಲ್ಕುನಾಡು ಅಜ್ಜ · ಸೋಮವಾರ, ಬೆಳಿಗ್ಗೆ 5:40

ಮಗಾ, ಎರಡು ಸಲ ಓದಿದೆ. ನಾನು ಹೇಳಿದ್ದರಲ್ಲಿ ಒಂದು ಬಾಗಿಲು ಮುಚ್ಚಿತ್ತು, ಅದು ನನಗೆ ಕಂಡಿರಲಿಲ್ಲ. 51ಕ್ಕೆ ಎಡವಿ ಬೀಳುವ ನನಗೆ ಹೆಸರಿನಿಂದ ಜಾಗ ಸಿಕ್ಕಿತು. ನಿನಗೆ ಕಾಲಿನಿಂದ ಸಿಗಬೇಕು.

ಇನ್ನೊಂದು. ನಮ್ಮ ಎಂ.ಪಿ. ಗಣೇಶ್ ಗೊತ್ತಲ್ಲ, 1972ರ ಮ್ಯೂನಿಕ್ ಒಲಿಂಪಿಕ್ಸ್ ಕಂಚು, 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕ. ಅವರು ಸುಂಟಿಕೊಪ್ಪ ಕಡೆಯವರು, ಹಾಕಿಗಿಂತ ಮೊದಲು ಫುಟ್ಬಾಲ್ ಆಡುತ್ತಿದ್ದವರು. ಆದ್ದರಿಂದ ಕಾಲಿನಾಟ ನಮ್ಮದಲ್ಲ ಅಂತ ನಾನು ಹೇಳುವ ಹಾಗೂ ಇಲ್ಲ.

ಸಂಘಟಕರು ಯಾರು ಅಂತ ನನಗೆ ಖಾಸಗಿಯಾಗಿ ತಿಳಿಸು.

ರಾಜಾಸೀಟ್ ಮಂಜು · ಸೋಮವಾರ, ಮಧ್ಯಾಹ್ನ 1:20

ಲೆಫ್ಟ್‌ಬ್ಯಾಕ್, ಕೈ ಮುಗಿದೆ. ಆದರೆ ನೀನು ಹೇಳಿದ್ದು ನನ್ನ ವಾದಕ್ಕೇ ಬಲ ಕೊಟ್ಟಿತು. ನಿನ್ನನ್ನು ಎತ್ತಿ ಆಡಿಸಿದ ಕೈ ಗೆರೆಯ ಪಕ್ಕದಲ್ಲಿದೆ. ಛೆಟ್ರಿಯನ್ನು ಎತ್ತಿ ಆಡಿಸಿದವರು ಕಂಠೀರವದಲ್ಲಿ ಯಾರಿದ್ದಾರೆ?

ಬಾಣಸವಾಡಿ ಪಾಲಿಬೆಟ್ಟ · ಸೋಮವಾರ, ಮಧ್ಯಾಹ್ನ 1:45

ಛೆಟ್ರಿ ಹುಟ್ಟಿದ್ದು ಸಿಕಂದರಾಬಾದ್, ಬೆಳೆದದ್ದು ಎಲ್ಲೆಲ್ಲೋ. 2013ರಿಂದ ಇಲ್ಲೇ ಇದ್ದಾರೆ, ಮಧ್ಯೆ ಸ್ವಲ್ಪ ದಿನ ಬಿಟ್ಟರೆ. ನಾನು ಇಲ್ಲಿಗೆ ಬಂದು ಎಂಟು ವರ್ಷ. ನನಗಿಂತ ಅವರೇ ಹಳೆಯ ಬೆಂಗಳೂರಿನವರು. ಎತ್ತಿ ಆಡಿಸಿದರೆ ಮಾತ್ರ ಊರಿನವರಾ? ಹಾಗಾದರೆ ಸೊಸೆಯಂದಿರೆಲ್ಲ ಎಲ್ಲಿಗೆ ಹೋಗಬೇಕು?

ಕ್ಯೂರಿಂಗ್ ವರ್ಕ್ಸ್ · ಸೋಮವಾರ, ಸಂಜೆ 6:30

ಎಲ್ಲರೂ ಇಷ್ಟು ಮಾತಾಡಿದಿರಿ. ಒಂದು ಪ್ರಶ್ನೆ ನನ್ನದೂ ಇರಲಿ.

ಬೆಂಗಳೂರು ಸೂಪರ್ ಡಿವಿಷನ್‌ನಲ್ಲಿ ಕೊಡಗು ಎಫ್‌ಸಿ ಅಂತ ಒಂದು ಟೀಮ್ ಆಡಿದೆ. ರಾಜ್ಯದ ದೊಡ್ಡ ಲೀಗ್ ಅದು. ನಮ್ಮ ಜಿಲ್ಲೆಯ ಹೆಸರು ಅಂಗಿಯ ಮೇಲೆ. ಮ್ಯಾಚ್ ಆಗುವುದು ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ, ಬಲದಂಡೆ ಅಣ್ಣನ ಬೆಂಗಳೂರು ಎಫ್‌ಸಿ ಮೊದಲ ಸೀಸನ್ ಆಡಿದ್ದು ಅಲ್ಲೇ. ಕಂಠೀರವದಿಂದ ಆಟೋದಲ್ಲಿ ಹತ್ತು ನಿಮಿಷ.

ಇಲ್ಲಿ ಊರು, ಊರಿನ ಟೀಮ್ ಅಂತ ಬರೆದವರಲ್ಲಿ ಯಾರು ಒಂದು ಮ್ಯಾಚಾದರೂ ಹೋಗಿ ನೋಡಿದ್ದೀರಿ? ನಾನು ಒಂದು ನೋಡಿದೆ, ಅದೂ ಆ ಕಡೆ ಬೇರೆ ಕೆಲಸಕ್ಕೆ ಹೋದವನು. ಗ್ಯಾಲರಿಯಲ್ಲಿ ಕೊಡಗು ಅಂತ ಕೂಗಿದ್ದು ನಾನೊಬ್ಬನೇ. ಗೋಲ್‌ಕೀಪರ್ ತಿರುಗಿ ನೋಡಿದ.

ಹಾರಂಗಿ ಬಲದಂಡೆ · ಸೋಮವಾರ, ರಾತ್ರಿ 10:50

ಕ್ಯೂರಿಂಗ್ ವರ್ಕ್ಸ್ ಅವರೇ, ನಾಲ್ಕು ಗಂಟೆ ಹೊತ್ತಿನಿಂದ ಉತ್ತರ ಬರೆದು ಅಳಿಸುತ್ತಿದ್ದೇನೆ. ನೋಡಿಲ್ಲ. ಹತ್ತು ವರ್ಷ ಕಂಠೀರವಕ್ಕೆ ಹೋದವನು ಆ ಹತ್ತು ನಿಮಿಷದ ದಾರಿ ಹೋಗಿಲ್ಲ. ಟೀಮ್ ಇರುವುದು ಗೊತ್ತಿತ್ತು ಕೂಡ. ಯಾಕೆ ಹೋಗಲಿಲ್ಲ ಅಂದರೆ, ಅಲ್ಲಿ ಡೋಲು ಇರಲಿಲ್ಲ, ಟಿವಿ ಇರಲಿಲ್ಲ, ಮಾತಾಡಲು ಮರುದಿನ ಅಂಗಡಿಯಲ್ಲಿ ಜನ ಇರಲಿಲ್ಲ. ಹೆಸರು ಒಂದಿದ್ದರೆ ಸಾಕಾಗುವುದಿಲ್ಲ ಅಂತ ಈಗ ಗೊತ್ತಾಯಿತು. ನಾನು ಹುಡುಕಿಕೊಂಡು ಹೋಗಿದ್ದು ಊರನ್ನಲ್ಲ, ಜನರ ನಡುವಿನ ಜಾಗವನ್ನು. ಕಿತ್ತಳೆ ಕೈಯ ಹಿರಿಯರು, ಪಾಲಿಬೆಟ್ಟದ ತಂಗಿಯ ಆಂಟಿ.

ಹಾಗಂತ ನಮ್ಮ ಹೆಸರಿನವರನ್ನು ಒಬ್ಬ ಮನುಷ್ಯನ ಕೂಗಿಗೆ ಬಿಟ್ಟದ್ದು ಸರಿ ಅಂತ ಹೇಳಲಾರೆ. ನಾಚಿಕೆ ಆಯಿತು.

ಇವತ್ತು ಸಂಜೆ ಮಗನನ್ನು ನಮ್ಮ ಕಾಲೇಜು ಮೈದಾನಕ್ಕೆ ಕರೆದುಕೊಂಡು ಹೋಗಿದ್ದೆ. ಮಳೆ ಬಂದು ಬಿಟ್ಟಿತ್ತು. ಹುಡುಗರು ಆಡುತ್ತಿದ್ದರು. ನಮ್ಮೂರ ಗೋಲ್ಡ್ ಕಪ್ ಫುಟ್ಬಾಲ್ ಟೂರ್ನಿ ಆಗುವ ಮೈದಾನ ಅದೇ. ಬೇಸಿಗೆಯಲ್ಲಿ ಕೇರಳ, ತಮಿಳುನಾಡಿನಿಂದೆಲ್ಲ ಟೀಮ್ ಬರುತ್ತವೆ. ನಾನು ಚಿಕ್ಕವನಿದ್ದಾಗ ಟಿಕೆಟ್‌ಗೆ ದುಡ್ಡಿಲ್ಲದೆ ಹಿಂದಿನ ಮರ ಹತ್ತಿ ನೋಡುತ್ತಿದ್ದೆ. ಆ ಮರ ಈಗ ಇಲ್ಲ. ಮಗನಿಗೆ ಮರ ಇದ್ದ ಜಾಗ ತೋರಿಸಿದೆ. ಅವನು ಮರದ ಬಗ್ಗೆ ಕೇಳಲಿಲ್ಲ. "ಇಲ್ಲಿ ಆಡುವಾಗ ಬೆಂಗಳೂರು ಅಂಗಿ ಹಾಕಿಕೊಂಡು ಬಂದರೆ ಬೈಯುತ್ತಾರಾ?" ಅಂದ. ಅವನ 11ನೇ ನಂಬರಿನ ಅಂಗಿ ಅದು, ನಂಬರಿನ ಒಂದು ಕಡ್ಡಿ ಒಗೆದೂ ಒಗೆದೂ ಹೋಗಿದೆ, ಈಗ 1 ಅಂತ ಕಾಣುತ್ತದೆ. ಗೋಲ್‌ಕೀಪರ್ ಅಂದುಕೊಳ್ಳುತ್ತಾರೆ, ಬಾ ಅಂದೆ.

ಮಾಕುಟ್ಟ ತಿರುವು · ಸೋಮವಾರ, ರಾತ್ರಿ 11:15

ಹಳದಿ ಅಂಗಿಗೂ ಪ್ರವೇಶ ಇದೆಯಾ ಅಣ್ಣ? 2024ರಿಂದ ಸೂಪರ್ ಲೀಗ್ ಕೇರಳ ಬಂದ ಮೇಲೆ ಕಣ್ಣೂರು ವಾರಿಯರ್ಸ್ ಅಂಗಿ ಕೂಡ ತಗೊಂಡಿದ್ದೇನೆ. ಹತ್ತಿರದ ಟೀಮ್ ಅನ್ನುವುದಾದರೆ ಅಳತೆ ಪ್ರಕಾರ ಅದೇ. ತಮ್ಮನನ್ನೂ ಕರೆತರುತ್ತೇನೆ. ಅವನನ್ನು ದೂರ ಕೂರಿಸಿ.

ರಾಜಾಸೀಟ್ ಮಂಜು · ಮಂಗಳವಾರ, ಬೆಳಿಗ್ಗೆ 8:10

ನಾನಿನ್ನೂ ಒಪ್ಪಿಲ್ಲ, ಅದು ದಾಖಲೆಯಲ್ಲಿರಲಿ. ಆದರೆ ಗೋಲ್ಡ್ ಕಪ್‌ಗೆ ಬರುತ್ತೇನೆ. ಮಡಿಕೇರಿಯಿಂದ ನನ್ನ ಜೀಪಿನಲ್ಲಿ ಐದು ಜನಕ್ಕೆ ಜಾಗ ಇದೆ. ಅಜ್ಜ, ನಿಮ್ಮನ್ನು ನಾಪೋಕ್ಲುವಿನಿಂದ ಕರೆದುಕೊಂಡು ಬರಲಾ?

ನಾಲ್ಕುನಾಡು ಅಜ್ಜ · ಮಂಗಳವಾರ, ಬೆಳಿಗ್ಗೆ 8:25

ಬಾ. ಅಣ್ಣನೂ ಬರುತ್ತಾನಂತೆ. ಬದಲಿ ಆಟಗಾರ.

ಲೈನ್‌ಮನೆ ಲೆಫ್ಟ್‌ಬ್ಯಾಕ್ · ಮಂಗಳವಾರ, ಮಧ್ಯಾಹ್ನ 12:40

ಎಲ್ಲರೂ ಬನ್ನಿ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಪ್ಪು ತಿಳಿಯಬೇಡಿ. ನನ್ನನ್ನು ಈ ಸಲ ಕರೆದಿರುವುದು ಕಣ್ಣೂರು ಕಡೆಯ ಟೀಮ್. ಸುಂಟಿಕೊಪ್ಪದವರ ಜೊತೆ ಮ್ಯಾಚ್ ಬಿದ್ದರೆ ನಾನು ಎದುರಿಗೆ ಇರುತ್ತೇನೆ.

ಹಾರಂಗಿ ಬಲದಂಡೆ · ಮಂಗಳವಾರ, ಮಧ್ಯಾಹ್ನ 12:52

ಎಡಗಡೆ ಗೆರೆಯ ಪಕ್ಕದಲ್ಲೇ ಕೂರುತ್ತೇನೆ. ಮಗನಿಗೆ ಬೈಗುಳ ಈಗಿನಿಂದಲೇ ಹೇಳಿಕೊಡುತ್ತಿದ್ದೇನೆ. ಕಾಫಿ ಫ್ಲಾಸ್ಕ್ ನಾನೇ ತರುತ್ತೇನೆ. ಬೆಲ್ಲ ಹಾಕಿದ್ದೇ ತಾನೇ?